ಗೇಟಿನ ಪಕ್ಕದ ಮಡಕೆಗಳು

ಮಂಡಾಲೆ

ಮನೆ ಮಾಲೀಕರಾದ ಊ ಥೌಂಗ್ ಶ್ವೇ ಅವರಿಗೆ ನಮಸ್ಕಾರಗಳು.

ಮಡಕೆಗಳು ಹೊಸ ಗೇಟಿನ ಅಂದಕ್ಕೆ ಒಪ್ಪುವುದಿಲ್ಲವೆಂದು ನೀವು ಹೇಳಿಕಳಿಸಿದ ಮೇಲೆ, ಹೋದ ತಿಂಗಳು ತೀರಿಕೊಂಡ ನನ್ನಮ್ಮ ದಾರಿಹೋಕರಿಗೆಂದು ಇಟ್ಟಿದ್ದ ಅರವಟ್ಟಿಗೆಯನ್ನು ತೆಗೆದಿದ್ದೇನೆ. ನೀರಿನ ಮಡಕೆಗಳೆರಡೂ ಈಗ ನನ್ನ ಮಂಚದ ಪಕ್ಕದಲ್ಲಿವೆ.

ಬೆಳಿಗ್ಗೆ ಬುದ್ಧನ ಮುಂದೆ ಒಂದು ಲೋಟ ನೀರಿಟ್ಟು, ಆಮೇಲೆ ಈ ಮಡಕೆಗಳನ್ನು ತುಂಬಿಸದೆ ಅಮ್ಮ ತಾನು ಹನಿ ನೀರು ಕುಡಿದವಳಲ್ಲ. ಯಾರಾದರೂ ಕುಡಿದು ಲೋಟ ಕವುಚಿಟ್ಟ ಸದ್ದಾದರೆ ಪುಣ್ಯ ಬಂತೆಂದು ಸಂತೋಷಪಟ್ಟು ಒಳಗಿನಿಂದಲೇ "ಸಾಧು" ಎನ್ನುತ್ತಿದ್ದಳು. "ಕುಡಿದವ್ರು ತಾನೇ ನಿಂಗೆ ಸಾಧು ಹೇಳ್ಬೇಕು?" ಎಂದು ನಾನು ಕೇಳಿದರೆ, "ಅವ್ರು ಬಾಯಾರ್ಕೊಂಡು ಬರದಿದ್ರೆ ನಂಗೆ ಪುಣ್ಯ ಎಲ್ಲಿಂದ ಬರುತ್ತೆ, ದಡ್ಡಿ?" ಎಂದು ನಗುತ್ತಿದ್ದಳು.

ಮಡಕೆ ತೆಗೆದರೂ ಜನ ಬರುವುದು ನಿಂತಿಲ್ಲ, ಬಾಗಿಲು ತಟ್ಟುತ್ತಾರೆ. ನಿನ್ನೆ ಸೈಕಲ್ ರಿಕ್ಷಾದ ಮುದುಕ ಬಂದು, ನಾನು ಕೊಟ್ಟ ನೀರಿನ ಲೋಟ ಹಿಡಿದು, "ದೊಡ್ಡಕ್ಕ ಕಾಣ್ತಿಲ್ವಲ್ಲ?" ಎಂದ. ಹೋಗಿಬಿಟ್ಟಳು ಎಂದೆ. ಬಾಯಿಗಿಟ್ಟಿದ್ದ ಲೋಟ ಇಳಿಸಿ, "ಕುಡಿದಾದ್ಮೇಲೆ ಹೇಳ್ಬಾರ್ದಿತ್ತಾ? ಈಗ ಗಂಟಲಲ್ಲಿ ಇಳೀತಿಲ್ಲ ನೋಡು" ಎಂದು ನನ್ನನ್ನೇ ಬೈದ.

ಏಳನೇ ದಿನದ ಊಟಕ್ಕೆ ಬಂದಾಗ ನೀವು, "ನಿಮ್ಮಮ್ಮನ ಹೆಸರಲ್ಲಿ ಏನಾದ್ರೂ ದಾನ ಮಾಡ್ತೀನಿ, ಏನು ಅಂತ ನೀನೇ ಹೇಳಮ್ಮ" ಎಂದು ಎಲ್ಲರೆದುರು ಕೇಳಿದ್ದಿರಿ. ಈಗ ಹೇಳುತ್ತಿದ್ದೇನೆ: ಗೇಟಿನ ಪಕ್ಕ ಎರಡು ಮಡಕೆ ಕೂರುವಷ್ಟು ಜಾಗ ಕೊಡಿ. ನೀರು ನಾನು ತುಂಬಿಸುತ್ತೇನೆ.

ಮೊದಲ ಲೋಟ ನೀವೇ ಬಂದು ಕುಡಿಯಿರಿ. ಒಳಗಿನಿಂದ ಸಾಧು ಎನ್ನಲು ನಾನಿದ್ದೇನೆ.

ಇತಿ,
ದೊ ಸೇನ್ ಮ್ಯ ಅವರ ಮಗಳು
ಯಿನ್ ನ್ವೆ