ಹೋಗಬೇಡಿ

ಕುವೈತ್
25-7-1990, ಬುಧವಾರ

ಪ್ರೀತಿಯ ಆಗ್ನೆಸ್,

ನಿನ್ನ ಎರಡು ಕಾಗದ ಬಂದು ಕೂತಿವೆ, ಒಂದಕ್ಕೂ ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಈಗಲೇ ಬೈದುಬಿಡು, ಮುಂದೆ ಇನ್ನೂ ದೊಡ್ಡ ತಪ್ಪು ಒಪ್ಪಿಕೊಳ್ಳುವುದಿದೆ. ನಾವು ಚೆನ್ನಾಗಿದ್ದೇವೆ. ಇಲ್ಲಿಯ ಸೆಖೆಗೆ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುತ್ತದೆ. ಚರ್ಚಿನಲ್ಲಿ ನಿನ್ನ ಮಗಳ ಮೊದಲ ಪರಮಪ್ರಸಾದದ ಹಬ್ಬಕ್ಕೆ ನಾನು ಬರುತ್ತಿಲ್ಲ ಕಣೆ. ಮುಂದಿನ ಮಂಗಳವಾರದ ಟಿಕೆಟ್ಟನ್ನು ನಿನ್ನೆ ರದ್ದು ಮಾಡಿಸಿದೆ.

ಕಾರಣ ಒಬ್ಬ ಹೆಂಗಸು. ಹೆಸರು ಇನೆಜ್. ಮಿರ್ಕಾಬ್‌ನಲ್ಲಿರುವ ನಮ್ಮವರ ಆಫೀಸಿನಲ್ಲಿ ಸೆಕ್ರೆಟರಿ. ಗೋವಾದಲ್ಲಿ ಹುಟ್ಟಿ, ರೈಲ್ವೆಯಲ್ಲಿದ್ದ ಅಪ್ಪನ ಜೊತೆ ಹುಬ್ಬಳ್ಳಿಯಲ್ಲಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನೋಡಲು ಅಂಥ ಚೆಲುವೆಯೇನಲ್ಲ ಎಂದು ಬರೆಯೋಣ ಎಂದುಕೊಂಡೆ. ನಿನ್ನ ಹತ್ತಿರ ಸುಳ್ಳು ಯಾಕೆ, ಚೆನ್ನಾಗಿದ್ದಾಳೆ.

ಅವರ ಆಫೀಸಿನಲ್ಲಿದ್ದ ಬ್ರೆಜಿಲ್ ದೇಶದ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಅವಳಿಗೊಂದು ಪುಸ್ತಕ ಕೊಟ್ಟು ಹೋದ. ಅವನ ದೇಶದ ಈಚಿನ ನಾಟಕ, ಇಂಗ್ಲಿಷ್ ಅನುವಾದದಲ್ಲಿ. ಅವಳು ಅದನ್ನು ತಂದು ನಮ್ಮವರ ಕೈಗಿಟ್ಟಳು. ಇವರು ಎರಡೇ ದಿನದಲ್ಲಿ ಓದಿ ಮುಗಿಸಿ, ಇಲ್ಲಿಯ ಕನ್ನಡದವರಿಗಾಗಿ ಇದನ್ನು ಆಡಿಸಲೇಬೇಕು ಎಂದು ಕೂತರು. ಕಥೆ ಇಷ್ಟೇ. ಬಂದರಿನ ಊರಿನಲ್ಲಿ ಒಬ್ಬ ಗಂಡಸು. ಕೆಳಗಿನ ಮನೆಯಲ್ಲಿ ಅವನ ಹೆಂಡತಿ, ಮೇಲಿನ ಮನೆಯಲ್ಲಿ ಅವನ ಪ್ರೇಯಸಿ, ಬಟ್ಟೆ ಹೊಲಿಯುವವಳು. ಅವನು ಇಬ್ಬರನ್ನೂ ಬಿಟ್ಟು ಹಡಗು ಹತ್ತಲು ಹೊರಡುತ್ತಾನೆ. ಕೊನೆಯಲ್ಲಿ ಮೊದಲು ಪ್ರೇಯಸಿ, ಆಮೇಲೆ ಹೆಂಡತಿ, ಹೋಗಬೇಡ ಎಂದು ಬೇಡುತ್ತಾರೆ. ಗಂಡಸು ಇವರು, ಹೆಂಡತಿ ನಾನು, ಹೊಲಿಯುವವಳು ಇನೆಜ್.

ಇಂಗ್ಲಿಷಿನಲ್ಲಿ ಆ ಇಬ್ಬರ ಮಾತೂ ಅಕ್ಷರ ಬಿಡದೆ ಒಂದೇ. ಆ ಭಾಷೆಗೆ ನೀನು, ನೀವು ಎಂಬ ಭೇದವೇ ಇಲ್ಲವಲ್ಲ. ಇವರು ಕನ್ನಡಕ್ಕೆ ತರುವಾಗ ನನಗೆ ‘ಹೋಗಬೇಡಿ’ ಎಂದು ಬರೆದರು, ಅವಳಿಗೆ ‘ಹೋಗಬೇಡ’. ಯಾಕೆ ಹೀಗೆ ಎಂದು ಕೇಳಿದೆ. ಹೆಂಡತಿಗೆ ಮರ್ಯಾದೆ ಇರುತ್ತದೆ, ಇನ್ನೊಬ್ಬಳಿಗೆ ಸಲಿಗೆ ಇರುತ್ತದೆ ಎಂದರು. ಹದಿನಾರು ವರ್ಷ ಸಂಸಾರ ಮಾಡಿದ್ದೇನೆ ಆಗ್ನೆಸ್, ಒಂದು ದಿನವೂ ಇವರನ್ನು ನೀನು ಎಂದವಳಲ್ಲ. ನೀನು ನಿನ್ನ ಗಂಡನನ್ನು ಹೆಸರು ಹಿಡಿದು ಕೂಗಿದಾಗ ಕಿವಿ ಮುಚ್ಚಿಕೊಂಡವಳು ನಾನು. ಈಗ ಅಭ್ಯಾಸದಲ್ಲಿ, ನಮ್ಮ ಮನೆಯ ಹಾಲ್‌ನಲ್ಲೇ, ನಾನು ಕಾಫಿ ತಂದಿಡುವಾಗ, ಅವಳು ಇವರ ಕೈ ಹಿಡಿದು ನೀನು, ನಿನ್ನ, ನಿನಗೆ ಎನ್ನುತ್ತಿದ್ದಳು. ಹೊಟ್ಟೆ ಉರಿದುಹೋಯಿತು. ಕಾಲೇಜಿನಲ್ಲಿ ನಟನೆಗೆ ನಿನಗೆ ಬೆಳ್ಳಿ ಲೋಟ ಬಂದಾಗ ಎರಡು ದಿನ ನಿನ್ನ ಜೊತೆ ಮಾತು ಬಿಟ್ಟವಳು ಇನ್ನೇನು ತಾನೇ ಮಾಡಿಯಾಳು?

ಮಾಡಿದ್ದು ಹೇಳುತ್ತೇನೆ ಕೇಳು. ಅವಳ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವ ಕೆಲಸ ನನ್ನದಾಗಿತ್ತು. ನಾಟಕದ ಹಿಂದಿನ ದಿನ ಅವಳ ಕೊನೆಯ ಹಾಳೆಯ ಮೇಲೆ ಚಹಾ ಚೆಲ್ಲಿತು. ಮತ್ತೆ ಬರೆದುಕೊಟ್ಟೆ. ಆ ಒಂದು ಮಾತಿನ ಕೊನೆಯಲ್ಲಿ ‘ಎ’ ಇದ್ದ ಕಡೆ ‘ಐ’ ಬರೆದೆ. ‘ಹೋಗಬೇಡ’ ಹೋಗಿ ‘ಹೋಗಬೇಡಿ’ ಆಯಿತು. ಇವರೇ ತಿದ್ದಿದ್ದಾರೆ ಎಂದೆ. ಪಾಪ, ನಂಬಿದಳು.

ಜೂನ್ ಒಂದರ ಶುಕ್ರವಾರ ಶಾಲೆಯ ಹಾಲ್ ತುಂಬಿತ್ತು. ಇಡೀ ನಾಟಕ ನೀನು ನೀನು ಎಂದವಳು ಕೊನೆಗೆ ತಲೆ ತಗ್ಗಿಸಿ “ಹೋಗಬೇಡಿ” ಎಂದಳು. ಹಾಲಿನಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಒಂದು ಅಕ್ಷರಕ್ಕೆ ಅವಳು ಹೆಂಡತಿಯಾಗಿಬಿಟ್ಟಳು, ಅದೂ ನನ್ನ ಕೈಯಾರೆ. ನನ್ನ ಸರದಿ ಬಂತು. “ಹೋಗಬೇಡ” ಎಂದುಬಿಟ್ಟೆ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಕಾಂತಮ್ಮ ಎಂದು ಒಬ್ಬರಿದ್ದಾರೆ, ಇಲ್ಲಿ ನಮಗೆಲ್ಲ ಹಿರಿಯರು. ತಡವಾಗಿ ಬಂದು ಕೊನೆಯ ದೃಶ್ಯ ಮಾತ್ರ ನೋಡಿದ್ದರು. ನೇರ ಅವಳ ಹತ್ತಿರ ಹೋಗಿ, “ಹೆಂಡತಿ ಪಾರ್ಟು ಅಂದ್ರೆ ಹೀಗಿರಬೇಕು ಕಣಮ್ಮಾ” ಎಂದು ಕೆನ್ನೆ ಸವರಿದರು. ನನಗೆ, ಇನ್ನೊಬ್ಬಳ ಪಾತ್ರ ಮಾಡುವುದಕ್ಕೂ ಧೈರ್ಯ ಬೇಕು ಎಂದರು.

ಮಾರನೆಯ ದಿನ ಇವರು ಆ ಹಾಳೆ ನೋಡಿದರು. ಸಿಡುಕುತ್ತಾರೆ ಎಂದು ಕಾದೆ. ಸಿಡುಕಿದ್ದರೆ ಎಷ್ಟೋ ಚೆನ್ನಾಗಿತ್ತು. ನೀನು ತಿದ್ದಿದ್ದೇ ಸರಿ, ಅವಳ ಬಾಯಲ್ಲಿ ಎಷ್ಟು ಚೆನ್ನಾಗಿ ಬಂತು ಎಂದು ತಮ್ಮ ಪ್ರತಿಯಲ್ಲೂ ಹಾಗೇ ಬರೆದುಕೊಂಡರು. ಅಕ್ಟೋಬರಿನಲ್ಲಿ ಮತ್ತೆ ಆಡುತ್ತೇವೆ. ಆಗಸ್ಟ್ ಪೂರ್ತಿ ಅಭ್ಯಾಸವಂತೆ, ನಮ್ಮ ಮನೆಯಲ್ಲೇ. ನಾನು ಊರಿಗೆ ಬಂದು ಕೂತರೆ ಕಾಫಿ ಯಾರು ಮಾಡುತ್ತಾರೆ ಹೇಳು? ಅವಳೇ ತಾನೇ? ಗಡಿಯಲ್ಲಿ ಸೈನ್ಯ ಸೇರುತ್ತಿದೆ ಎಂದು ಪೇಪರಿನಲ್ಲಿ ಏನೇನೋ ಬರುತ್ತಿದೆ. ಏನೂ ಆಗುವುದಿಲ್ಲ ಎನ್ನುತ್ತಾರೆ ಇವರು. ನನಗಂತೂ ಅದರ ಕಡೆ ಗಮನವೇ ಇಲ್ಲ, ಇರುವ ಚಿಂತೆಯೇ ಸಾಕಾಗಿದೆ.

ನಿನ್ನ ಮಗಳ ಬಿಳಿ ಫ್ರಾಕಿಗೆಂದು ಲೇಸ್ ತೆಗೆದಿಟ್ಟಿದ್ದೆ. ನಾಳೆ ಊರಿಗೆ ಹೊರಡುವ ಕಾಂತಮ್ಮನವರ ಕೈಯಲ್ಲಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಮಗುವಿಗೆ ನನ್ನ ಮುತ್ತು, ಆಶೀರ್ವಾದ. ಅವಳ ಬಾಳು ತಣ್ಣಗಿರಲಿ. ನೀನು ಕೋಪ ಮಾಡಿಕೊಂಡರೂ ಕಾಗದ ಮಾತ್ರ ಬರೆ.

ನಿನ್ನ
ಪಾವನಾ

ತಾ.ಕ.: ಕಾಗದ ಅಂಟಿಸುವ ಮೊದಲು ಇದೊಂದು. ನಿನ್ನೆ ಬೆಳಿಗ್ಗೆ ಇವರು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದರು. ದಾರಿಯಲ್ಲಿ ಇನೆಜ್‌ಳನ್ನು ಕರೆದುಕೊಂಡು ಹೋಗಬೇಕು, ಹೊತ್ತಾಯಿತು ಎಂದರು. ನಾಟಕ ಗೀಟಕ ಏನೂ ನನ್ನ ಮನಸ್ಸಿನಲ್ಲಿರಲಿಲ್ಲ ಕಣೆ. ಹತ್ತಿರ ಹೋಗಿ ತೋಳು ಹಿಡಿದು, ಹದಿನಾರು ವರ್ಷದಲ್ಲಿ ಮನೆಯೊಳಗೆ ಮೊದಲ ಸಲ, “ಹೋಗಬೇಡ” ಎಂದೆ. ಇವರು ನಕ್ಕು ಕೈ ಬಿಡಿಸಿಕೊಂಡರು. “ನಿನ್ನ ಮಾತು ‘ಹೋಗಬೇಡಿ’ ಕಣೆ, ಇನ್ನೂ ತಪ್ಪು ಹೇಳ್ತೀಯಲ್ಲ” ಎಂದು ತಿದ್ದಿ, ಮೆಟ್ಟಿಲಿಳಿದು ಹೋದರು.