ಬೆಟ್ಟದ ಬಂಡೆಗೆ ಚೆಂಡೆಸೆದ ಅತ್ತಿಗೆಮ್ಮನಿಗೆ

ಅತ್ತಿಗೆಮ್ಮಾ,

ಅಣ್ಣನಿಗೆ ಇವತ್ತಿಗೂ ನಾನು ‘ನೀವು’ ಎನ್ನುತ್ತೇನೆ. ನಿನಗೆ ಮಾತ್ರ ಮೊದಲಿನಿಂದಲೂ ‘ನೀನು’. ಅದನ್ನು ಈಗ ಬದಲಾಯಿಸಲಾರೆ.

ಸಿರಾದಿಂದ ತುಟಿ ಒಡೆಸಿಕೊಂಡು ಬಂದ ಆ ಸಂಜೆ ನೆನಪಿದೆಯಾ? ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನಗೆ, ಮಧುಗಿರಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಎನ್ನುವುದೊಂದೇ ಗುರುತು. ಅವತ್ತು ಸಿರಾದ ಹುಡುಗರು ಗೋಲಿನ ಮೇಲೆ ಗೋಲು ಹೊಡೆದಿದ್ದರು. ಇನ್ನೊಮ್ಮೆ ಹೀಗಾದರೆ ಬೇರೆಯವನನ್ನು ನಿಲ್ಲಿಸುತ್ತೇವೆ ಎಂದು ಕ್ಯಾಪ್ಟನ್ ಬಸ್ಸಿನಲ್ಲೇ ಹೇಳಿಬಿಟ್ಟಿದ್ದ. ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಅಣ್ಣ, “ಒಳ್ಳೇದೇ ಆಯ್ತು ಬುಡು, ಇನ್ನಾದ್ರೂ ಓದ್ಕೋ” ಎಂದರು.

ನೀನು ರಾಯಚರ್ಲಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಕುರಿ ಮೇಯಿಸಿಕೊಂಡು, ತೆಲುಗಿನಲ್ಲೇ ಮಾತಾಡಿಕೊಂಡು ಬೆಳೆದವಳು. ನಮ್ಮ ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ. ಅಂಥ ನೀನು ನನ್ನ ತುಟಿಗೆ ಅರಿಸಿನ ಹಚ್ಚುತ್ತಾ ಕೇಳಿದೆ: “ಏಮ್ರಾ ಮರಿದಿ, ಚೆಂಡು ಮಕಕ್ಕೆ ಬಡಿಯೋ ತನ್ಕ ಏನ್ ನೋಡ್ತಿದ್ದೆ?” ಮೈದುನನನ್ನು ನಿಮ್ಮ ಕಡೆ ಮರಿದಿ ಅನ್ನುತ್ತಾರೆಂದು ಆಗಲೇ ನನಗೆ ಗೊತ್ತಾಗಿದ್ದು. ನಾನು ಏನನ್ನೂ ನೋಡುತ್ತಿರಲಿಲ್ಲ, ಅತ್ತಿಗೆಮ್ಮ. ಚೆಂಡು ಹತ್ತಿರ ಬಂದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತಂಡದಲ್ಲಿ ಯಾರಿಗೂ ಹೇಳದ ಆ ಹೆದರಿಕೆಯನ್ನು ನಿನಗೆ ಹೇಳಿದೆ. “ಅಂಗಾದ್ರೆ ಕಣ್ಣಿಗೇ ಕಲಿಸ್ಬೇಕು” ಎಂದೆ ನೀನು, ಅದೇನು ದೊಡ್ಡ ವಿಷಯ ಅನ್ನುವ ಹಾಗೆ.

ಮಾರನೆಯ ದಿನ ನೀನು ಹಿತ್ತಲಿನಲ್ಲಿ ಹಳೇ ಸೀರೆಯ ಚೂರುಗಳನ್ನು ಉಂಡೆ ಕಟ್ಟಿದೆ. ನನ್ನ ಕೈಗಳನ್ನು ಬೆನ್ನ ಹಿಂದೆ ಇರಿಸಿ, ಮೂಗಿಗೇ ಗುರಿಯಿಟ್ಟೆ. “ಹಿಡೀಬ್ಯಾಡ. ಬರೀ ನೋಡು.” ರೆಪ್ಪೆ ಮುಚ್ಚಿದರೆ ಮತ್ತೆ ಎಸೆಯುತ್ತಿದ್ದೆ. ಬಟ್ಟೆಯ ಉಂಡೆ ನೋಯಿಸುವುದಿಲ್ಲ ಎಂದು ಕಣ್ಣಿಗೆ ನಂಬಿಕೆ ಬರಲು ಎಷ್ಟೋ ದಿನ ಹಿಡಿಯಿತು. ಆಮೇಲೆ ನಿಜವಾದ ಚೆಂಡು, ಬೆಟ್ಟದ ಬುಡ. ನಾನು ಬಂಡೆಗೆ ಮುಖ ಮಾಡಿ ನಿಲ್ಲಬೇಕು, ನೀನು ನನ್ನ ಹಿಂದಿನಿಂದ ಚೆಂಡನ್ನು ಬಂಡೆಗೆ ಬೀಸಬೇಕು. ಕಲ್ಲಿನ ಉಬ್ಬುತಗ್ಗಿಗೆ ಬಡಿದು ಅದು ಯಾವ ಕಡೆ ಚಿಮ್ಮುತ್ತದೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ಬಿದ್ದು ತಡೆದರೆ, ಏಳುವಷ್ಟರಲ್ಲಿ ನೀನು ಇನ್ನೊಂದು ಸಲ ಎಸೆದಿರುತ್ತಿದ್ದೆ. “ಬಿದ್ದಲ್ಲೇ ಮಲಗ್ತೀಯೇನ್ಲಾ? ಏಳು, ಬತ್ತೈತೆ!” ಕುರಿಯ ಮುಂದೆ ಕಲ್ಲು ಬೀಳಿಸಿ ಮಂದೆ ತಿರುಗಿಸುತ್ತಿದ್ದ ಕೈ ಅದು. ಎಂಥ ಬೀಸು!

ಒಂದು ಸಂಜೆ ಅಣ್ಣ ಮುಖ ಗಂಟಿಕ್ಕಿಕೊಂಡು ಬಂದರಲ್ಲ... ಹೊಸ ಸೊಸೆ ಮೈದುನನ ಜೊತೆ ಬೆಟ್ಟದ ಕೆಳಗೆ ಚೆಂಡಾಡುತ್ತಾಳಂತೆ ಎಂದು ಬೀದಿಯವರು ಆಡಿಕೊಂಡಿದ್ದರು. “ನಾಳೆಯಿಂದ ಬೇಡ” ಎಂದರು. ಮುಗಿಯಿತು ಎಂದುಕೊಂಡೆ ನಾನು. ನೀನು ನೆಟ್ಟಗೆ ಅವ್ವನ ಹತ್ತಿರ ಹೋಗಿ, “ಅತ್ತಾ, ನೀನೂ ಬಾ” ಎಂದೆ. ನಮ್ಮವ್ವ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು! ದಾರಿಯಲ್ಲಿ ಹೋಗುವವರು ನಿಂತು ನೋಡಿದರೆ, “ನನ್ ಮಗ, ನನ್ ಸೊಸೆ, ನಾನೂ ಇಲ್ಲೇ ಕುಂತಿವ್ನಿ. ನಿಂಗೇನವ್ವ ಕಷ್ಟ?” ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಅವಳೂ ಆಟದೊಳಗೆ ಬಂದಳು. “ಎಡಕ್ಕೆ ಎಸಿಯೇ, ಎಡಕ್ಕಾದ್ರೆ ಇವ್ನು ಮೈ ಬಗ್ಗಿಸಲ್ಲ ಕಣೆ!” ಅಲ್ಲಿಂದ ಅತ್ತೆ ಸೊಸೆ ಒಂದು ಪಕ್ಷ, ನಾನೊಬ್ಬನೇ ಇನ್ನೊಂದು. ಅಡುಗೆಮನೆಯಲ್ಲೂ ನಿಮ್ಮಿಬ್ಬರ ಮಾತು ನಿಲ್ಲದಂತಾಯಿತು.

ಸಿರಾದವರು ಮಧುಗಿರಿಗೆ ಆಡಲು ಬಂದ ದಿನ ಆಟ ಮುಗಿಯುತ್ತಾ ಬಂದಿತ್ತು, ಎರಡೂ ಕಡೆ ಗೋಲಿಲ್ಲ. ಅವರ ಉದ್ದ ಕಾಲಿನ ಆಟಗಾರ ನಮ್ಮವರನ್ನೆಲ್ಲ ದಾಟಿ ನನ್ನೆದುರಿಗೇ ಬಂದ. ಚೆಂಡು ಅವನ ಕಾಲು ಬಿಟ್ಟಿದ್ದನ್ನು ನೋಡಿದೆ. ತಿರುಗುತ್ತಾ ನನ್ನ ಎಡಕ್ಕೆ ಬರುವುದನ್ನೂ ನೋಡಿದೆ. ಬಿದ್ದೆ. ಮುಂಗೈಗೆ ಬಡಿದ ಚೆಂಡು ಮತ್ತೆ ಅವನ ಕಾಲಿಗೇ ಹೋಯಿತು. ಏಳಬೇಕು ಎಂದುಕೊಳ್ಳುವ ಮೊದಲೇ ಎದ್ದಿದ್ದೆ; ಎರಡನೆಯ ಹೊಡೆತ ಎದೆಗೇ ಬಂತು, ತಬ್ಬಿಕೊಂಡೆ. ಆಟ ಮುಗಿದ ಮೇಲೆ ಅವನೇ ಬಂದು ಹೆಗಲ ಮೇಲೆ ಕೈ ಹಾಕಿ, “ಕ್ಯಾ ಭಾಯ್, ಇಷ್ಟ್ ಹತ್ರದಿಂದ ಹೊಡ್ದೆ, ಕಣ್ಣೇ ಮಿಟುಕಿಸ್ಲಿಲ್ವಲ್ಲ ನೀನು!” ಎಂದ. ಮನೆಗೆ ಬಂದರೆ ನೀನು ಸೋಲು ಗೆಲುವು ಕೇಳಲಿಲ್ಲ. “ಕಣ್ಣು?” ಎಂದೆ. ತೆರೆದಿತ್ತು ಎಂದೆ ನಾನು. ಒಳಗಿನಿಂದ ಅವ್ವ ಕೂಗಿದಳು, “ಎಡಕ್ಕೆ ಬಿದ್ನಾ ಕೇಳೇ!”

ನಿನಗೆ ಕಾಮಾಲೆಯಾದಾಗ ನಾನು ವ್ಯಾಯಾಮ ಶಿಕ್ಷಕರ ತರಬೇತಿಯಲ್ಲಿದ್ದೆ. ಆಟ ಕಲಿಸುವ ಕೆಲಸ ನನಗೆ ಸಿಕ್ಕೇ ಸಿಗುತ್ತದೆ ಎಂದು ಆ ತರಬೇತಿಗೆ ಅಣ್ಣನನ್ನು ಒಪ್ಪಿಸಿದವಳೂ ನೀನೇ. ಬಂದು ನೋಡುವಷ್ಟರಲ್ಲಿ... ಬೇಡ, ಅದನ್ನು ಬರೆಯುವುದಿಲ್ಲ. ನಿನ್ನಿಂದ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಿದ್ದೆನಾ ನಾನು? ನಮ್ಮ ಮನೆಗಳಲ್ಲಿ ಅದನ್ನೆಲ್ಲ ಯಾರು ಹೇಳುತ್ತಾರೆ? ಈಗ ಹೇಳುತ್ತಿದ್ದೇನೆ. ಹೊಳವನಹಳ್ಳಿಯ ಹೈಸ್ಕೂಲಿನಲ್ಲಿ ನಾನೀಗ ಮೇಷ್ಟ್ರು. ಈ ಅನ್ನ ನೀನು ಕೊಟ್ಟದ್ದು.

ಹೋದ ತಿಂಗಳು ರಾಯಚರ್ಲಿಗೆ ಹೋಗಿದ್ದೆ. ನಿಮ್ಮಪ್ಪ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು, “ಮಾ ಬಿಡ್ಡ ಅಕ್ಕಡ ಬಾಗುಂಡೇದಾ ನಾಯನಾ?” ಎಂದರು. ನನ್ನ ಮಗಳು ಅಲ್ಲಿ ಚೆನ್ನಾಗಿದ್ದಳಾ ಎಂದು. ಭಾಷೆ ಬಾರದ ಊರಿಗೆ ಕೊಟ್ಟೆನಲ್ಲ ಎಂದು ಇಷ್ಟು ವರ್ಷ ಆ ಜೀವ ಎಷ್ಟು ಬೆಂದಿತ್ತೋ! ನಾನು ಎಲ್ಲ ಹೇಳಿದೆ. ನೀನು ಅವ್ವನನ್ನು ಹೊರಡಿಸಿದ್ದು ಕೇಳಿ ಮುದುಕರು ಕೆಮ್ಮು ಬರುವಷ್ಟು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು, ಮತ್ತೆ ಮೊದಲಿನಿಂದ ಹೇಳು ಎಂದರು.

ಸಂಜೆ ಬೇಡವೆಂದರೂ ಕೋಲೂರಿಕೊಂಡು ಬಸ್ಸಿನವರೆಗೆ ಬಂದರು. ದಾರಿಯಲ್ಲಿ ಯಾರೋ ನನ್ನನ್ನು ತೋರಿಸಿ ಯಾರು ಎಂದು ಕೇಳಿದರು. ಮಗಳ ಮೈದುನ ಎನ್ನಬಹುದಿತ್ತು. ಅವರು ಬೆನ್ನು ನೆಟ್ಟಗೆ ಮಾಡಿ ನಿಂತು ಹೇಳಿದರು:

“ಹೈಸ್ಕೂಲ್ ಮೇಷ್ಟ್ರು. ಮಾ ಬಿಡ್ಡ ಶಿಷ್ಯುಡು.”