ನಿಮ್ಮ ಕಾರ್ಡುಗಳಿಗೆ ಗಿರಾಕಿ ಸಿಕ್ಕಿದ, ಮಾವ

ಮಾವಾ,

ಊಟ ಆಯಿತಾ ಎಂದು ಕೇಳಿಯೇ ಶುರು ಮಾಡುತ್ತೇನೆ. ಫೋನ್ ಎತ್ತಿದ ಕೂಡಲೇ ನೀವು ಕೇಳುತ್ತಿದ್ದದ್ದು ಅದನ್ನೇ ಅಲ್ಲವೇ? ನಮ್ಮ ಜಗಳವೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು, ಆದರೆ ಕಾಗದ ಬರೆಯಲು ಕೂತರೆ ನಮ್ಮವರ ಕೈ ಕನ್ನಡಕ್ಕೇ ಹೋಗುತ್ತದೆ. ಕೂತರೆ ಎಂದೆ, ಕೂತಲ್ಲಿ ಕೂರಲಿಕ್ಕೇ ಆಗುತ್ತಿಲ್ಲ ಮಾರಾಯರೇ. ಎರಡು ಸಾಲು ಬರೆದು ಬಾಲ್ಕನಿಗೆ ಹೋಗುತ್ತೇನೆ, ಫೋನ್ ತೆಗೆದು ಶೇರು ಮಾರ್ಕೆಟ್ ನೋಡುತ್ತೇನೆ, ಮತ್ತೆ ಬಂದು ಪೆನ್ನು ಹಿಡಿಯುತ್ತೇನೆ. ನಿಮಗೊಂದು ಸುದ್ದಿ ಹೇಳುವುದಿದೆ. ನೇರವಾಗಿ ಹೇಳಿದರೆ ನೀವು ನಂಬುವುದಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಆ ಬೇಸ್‌ಬಾಲ್ ಕಾರ್ಡುಗಳನ್ನು ನೀವು ನನಗೆ ಮೊದಲ ಸಲ ತೋರಿಸಿದ್ದು ನೆನಪಿದೆಯಾ? ನಾನು ಒಮಾನಿಗೆ ಬಂದ ಹೊಸತು. ಸೀಬ್ ಪೇಟೆಯ ಸೂಕಿನ ಸಾಲಿನಲ್ಲಿದ್ದ ನಿಮ್ಮ ಜೆರಾಕ್ಸ್ ಅಂಗಡಿಯಲ್ಲಿ, ಕೌಂಟರಿನ ಕೆಳಗಿನಿಂದ ಒಂದು ಚಿಕ್ಕ ಸೂಟ್‌ಕೇಸ್ ಎಳೆದು ತೆಗೆದಿರಿ. ನಿಮ್ಮಲ್ಲಿ ನಕ್ಷೆಗಳ ಪ್ರತಿ ಮಾಡಿಸುತ್ತಿದ್ದ ಅಮೆರಿಕದ ಇಂಜಿನಿಯರ್ ಒಬ್ಬರು ಕೆಲಸ ಮುಗಿಸಿ ಹೊರಡುವಾಗ, ತಾನು ಹುಡುಗನಾಗಿದ್ದಾಗ ಕೂಡಿಟ್ಟ ಆಟಗಾರರ ಪಟದ ಕಾರ್ಡುಗಳು, ಇಟ್ಟುಕೋ, ಒಂದು ದಿನ ಬೆಲೆ ಬರುತ್ತದೆ ಎಂದು ಕೊಟ್ಟು ಹೋಗಿದ್ದರಂತೆ. ಒಂದೊಂದರಲ್ಲೂ ಟೋಪಿ ಹಾಕಿದ ಒಬ್ಬ ಗಂಡಸು, ಒನಕೆ ಹಿಡಿದ ಹಾಗೆ ಬ್ಯಾಟು ಹಿಡಿದು ನಿಂತಿದ್ದ. ಅವರು ಯಾರೆಂದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಎಲ್ಲ ಕಾರ್ಡುಗಳೂ ಥಳಥಳ ಹೊಳೆಯುತ್ತಿದ್ದವು. ನೀವು ಎಲ್ಲವನ್ನೂ ಲ್ಯಾಮಿನೇಟ್ ಮಾಡಿದ್ದಿರಿ. ಒಂದರಲ್ಲೂ ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ಎಂಥ ಚಂದ ಇಟ್ಟಿದ್ದೀರಿ ಮಾವ ಎಂದು ನಾನು ಹೊಗಳಿದೆ, ನಿಮ್ಮ ಮುಖ ಅರಳಿತು.

ನನ್ನ ಡಿಗ್ರಿ ಸರ್ಟಿಫಿಕೇಟನ್ನು ನಾನು ಬಂದಿಳಿದ ವಾರವೇ ಕಸಿದುಕೊಂಡು ಮೆಷಿನ್ನಿಗೆ ಕೊಟ್ಟವರು ನೀವು. ಅತ್ತೆಯ ರಕ್ತಪರೀಕ್ಷೆಯ ರಿಪೋರ್ಟು, ಗಣಪತಿಯ ಪಟ, ಊರಿನಿಂದ ಬಂದ ಮದುವೆ ಕರೆಯೋಲೆ, ಯಾವುದನ್ನು ಬಿಟ್ಟಿರಿ? ಈ ಸೆಕೆಯಲ್ಲಿ, ಈ ಬೆವರಲ್ಲಿ ಕಾಗದ ಉಳಿಯಬೇಕಾದರೆ ಪ್ಲಾಸ್ಟಿಕ್ಕೇ ಗತಿ ಎನ್ನುತ್ತಿದ್ದಿರಿ. ಗಲ್ಫಿಗೆ ಬಂದ ನಮ್ಮವರಲ್ಲಿ ಯಾರು ಹಾಗೆ ನಂಬಿಲ್ಲ ಹೇಳಿ? ಕಾಗದ ಹೋದರೆ ಮನುಷ್ಯನೇ ಹೋದ ಹಾಗೆ ಇಲ್ಲಿ.

ಅಲ್ ಹೈಲ್‌ನ ನಿಮ್ಮ ಫ್ಲ್ಯಾಟಿನ ಶುಕ್ರವಾರಗಳನ್ನು ನೆನೆಸಿದರೆ ಈಗಲೂ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರಿನ ಪರಿಮಳ ಬರುತ್ತದೆ. ನನ್ನ ಹೆಂಡತಿ, ಮಗಳು ಮಂಗಳೂರಿನಲ್ಲಿ, ಊರಿನವರೆಂಬ ಸಲುಗೆಗೆ ಮಾವ, ಅತ್ತೆ ಎಂದು ಕರೆದ ನಿಮ್ಮಿಬ್ಬರನ್ನು ಬಿಟ್ಟರೆ ಇಲ್ಲಿ ನಾನೊಬ್ಬನೇ. ನಾನು ಜನರ ದುಡ್ಡನ್ನು ಫಂಡುಗಳಲ್ಲಿ ಹಾಕಿಸುವ ಆಫೀಸಿನವನು, ನೀವು ಕಾರ್ಡಿನವರು. ಕೈ ತೊಳೆಯುವ ಮೊದಲೇ ನಮ್ಮ ಜಗಳ ಶುರುವಾಗುತ್ತಿತ್ತು. ನಿನ್ನ ಕಂಪೆನಿಗಳು ಬೇಕಾದಾಗ ಹೊಸ ಶೇರು ಹೊರಡಿಸುತ್ತವೆ, ಈ ಹಳೆಯ ಕಾರ್ಡನ್ನು ಇನ್ನು ಯಾವನೂ ಅಚ್ಚು ಹಾಕುವ ಹಾಗಿಲ್ಲ ಎನ್ನುತ್ತಿದ್ದಿರಿ. ಅಮೆರಿಕದ ಯಾವುದೋ ಹರಾಜಿನಲ್ಲಿ ಒಂದು ಕಾರ್ಡಿಗೆ ಒಂದು ಮನೆಯ ಬೆಲೆ ಬಂತಂತೆ ಎಂದು ಫೋನಿನಲ್ಲಿ ತೋರಿಸುತ್ತಿದ್ದಿರಿ. ನಾನು ಬಿಡುತ್ತಿದ್ದೆನೇ? ಶೇರು ಡಿವಿಡೆಂಡ್ ಕೊಡುತ್ತದೆ, ಕಾರ್ಡು ಏನು ಕೊಡುತ್ತದೆ? ಬೆಳಿಗ್ಗೆ ದುಡ್ಡು ಬೇಕೆಂದರೆ ನಾನು ಬೆಳಿಗ್ಗೆಯೇ ಮಾರುತ್ತೇನೆ, ನೀವು ಒಬ್ಬ ಹುಚ್ಚ ಗಿರಾಕಿ ಬರುವ ತನಕ ಕಾಯಬೇಕು! ಮಾರ್ಕೆಟ್ ಬಿದ್ದ ವಾರ ಮಾತ್ರ ನನ್ನ ಬಾಯಿ ಬಂದ್. ನೀವು ಇನ್ನೊಂದು ಬಂಗುಡೆ ನನ್ನ ಬಟ್ಟಲಿಗೆ ಹಾಕಿ, ತಿನ್ನು ದಿನ್ನು, ನನ್ನ ಕಾರ್ಡು ಬಿದ್ದಿಲ್ಲ ಎಂದು ನಗುತ್ತಿದ್ದಿರಿ. ಅತ್ತೆ ಅಷ್ಟರಲ್ಲಿ ಪಾತ್ರೆ ಎತ್ತುತ್ತಿದ್ದರು.

ನೀವು ಬೇಸಿಗೆಯಲ್ಲಿ ಹೋದಿರಿ. ಅಂಗಡಿಯ ಶಟರ್ ಎಳೆಯುತ್ತಿದ್ದವರು ಅಲ್ಲೇ ಕುಸಿದು... ಅದನ್ನು ಬರೆಯುವುದು ಬೇಡ. ಕಾರ್ಯವೆಲ್ಲ ಮುಗಿದ ಮೇಲೆ ನಿಮ್ಮ ಕಫೀಲ್, ಅಂಗಡಿ ಲೈಸೆನ್ಸಿನ ಒಮಾನಿ ಯಜಮಾನರು, ರುಸ್ತಾಕ್‌ನಿಂದ ಖರ್ಜೂರದ ಡಬ್ಬ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಕಣ್ಣೊರೆಸಿಕೊಂಡರು. ಆದರೆ ವಿಷಯ ಬಿಡಿಸಿ ಹೇಳಿದರು. ಅತ್ತೆಯ ವೀಸಾ ನಿಮ್ಮ ಹೆಸರಿಗೆ ಅಂಟಿಕೊಂಡಿದ್ದದ್ದು. ಅವರು ಇಲ್ಲಿ ಉಳಿಯಬೇಕಾದರೆ ಅಂಗಡಿಯ ಕೆಲಸದ ವೀಸಾ ಆಗಬೇಕು, ಅಂಗಡಿ ಉಳಿಯಬೇಕಾದರೆ ವರ್ಷದ ಬಾಡಿಗೆ ಮುಂಗಡ, ಹಳೆಯ ಮೆಷಿನ್ ಹೋಗಿ ಹೊಸದು ಬರಬೇಕು. ಇಲ್ಲವಾದರೆ ಈ ತಿಂಗಳಿಗೆ ಖಲಾಸ್, ಪಕ್ಕದ ದರ್ಜಿ ಜಾಗ ಕೇಳುತ್ತಿದ್ದಾನೆ ಎಂದರು. ಮದುವೆಯಾಗಿ ಬಂದಲ್ಲಿಂದ ಅತ್ತೆ ಇಲ್ಲೇ ಇದ್ದವರು. ಊರಿಗೆ ಹೋದರೆ ಯಾರ ಮನೆಯ ಮೂಲೆಯಲ್ಲಿ ಕೂರಬೇಕು? ಆ ಅಂಗಡಿಯ ಅರ್ಧ ಕೆಲಸ ಅವರದೇ ಅಲ್ಲವೇ?

ನನ್ನ ದುಡ್ಡು ಕೊಡುತ್ತೇನೆ ಎಂದೆ. ಅತ್ತೆ ಕೇಳಲಿಲ್ಲ, ನಿನ್ನ ಮಗಳ ದುಡ್ಡು ಅದು ಎಂದರು. ನಿಜ ಹೇಳಬೇಕೆಂದರೆ ಆಗ ಮಾರ್ಕೆಟ್ ನೆಲ ಕಚ್ಚಿತ್ತು. ಬಿದ್ದಾಗ ಮಾರಬಾರದು ಎಂದು ಊರಿಗೆಲ್ಲ ಪಾಠ ಹೇಳುವವನು ನಾನು. ಹಾಗಾದರೆ ಮಾವನ ಕಾರ್ಡು ಮಾರೋಣ ಎಂದೆ. ಅತ್ತೆ ಥಟ್ಟನೆ, "ಬೇಡ ದಿನ್ನು, ಅದು ಹಾಗೇ ಇರ್ಲಿ," ಎಂದರು. ನೆನಪಿಗೆ ಇಟ್ಟುಕೊಳ್ಳುವ ಆಸೆ ಇರಬೇಕು ಎಂದುಕೊಂಡೆ. ಹಟ ಹಿಡಿದೆ. ಇಂಥ ಕಾರ್ಡು ಕೊಳ್ಳುವ ಕೆನಡಾದ ಮೇಷ್ಟ್ರೊಬ್ಬರು ಅಲ್ ಹೈಲ್‌ನಲ್ಲೇ ಇದ್ದಾರೆಂದು ಹುಡುಕಿ ತೆಗೆದೆ. ನೋಡಿ ಮಾವ, ನಿಮ್ಮ ಕಾರ್ಡು ನಿಮ್ಮ ಹೆಂಡತಿಯನ್ನು ಉಳಿಸುತ್ತದೆ, ಗೆದ್ದಿರಿ ನೀವು, ಎಂದು ಕಾರಿನಲ್ಲಿ ಒಬ್ಬನೇ ಹೇಳಿಕೊಂಡೆ.

ಮೇಷ್ಟ್ರು ಸೂಟ್‌ಕೇಸ್ ತೆರೆದ ಗಳಿಗೆ ಕಣ್ಣಿನಿಂದ ಹೋಗುತ್ತಿಲ್ಲ. ಕೈಗೆ ಬಿಳಿ ಗವಸು ಹಾಕಿಕೊಂಡು ಬಂದಿದ್ದರು. ಮೊದಲ ಕಾರ್ಡು ಎತ್ತಿದರು, ಬೆಳಕಿಗೆ ಹಿಡಿದರು. ಎರಡನೆಯದು. ಆಮೇಲೆ ಗವಸು ಬಿಚ್ಚಿ ಮಡಚಿ ಜೇಬಿಗೆ ಹಾಕಿಕೊಂಡರು. ಈ ಪ್ಲಾಸ್ಟಿಕ್ ಬಿಸಿಗೆ ಕರಗಿ ಕಾಗದದೊಳಗೇ ಇಳಿದಿದೆ, ಬಿಡಿಸಲಿಕ್ಕೆ ಆಗುವುದಿಲ್ಲ, ಸಂಗ್ರಹ ಮಾಡುವವರು ಮುಟ್ಟುವುದಿಲ್ಲ ಎಂದು ಮೆಲ್ಲನೆ ಹೇಳಿದರು. ಮುದುರಿದ, ಕೊಳೆಯಾದ ಕಾರ್ಡಿಗೂ ಅಷ್ಟಿಷ್ಟು ಬೆಲೆ ಉಂಟಂತೆ. ಜೋಪಾನ ಮಾಡಿದ ನಿಮ್ಮ ಕಾರ್ಡಿಗೆ ಇಲ್ಲ! ಅತ್ತೆ ಕೊಟ್ಟ ಚಾ ಪೂರ್ತಿ ಕುಡಿದೇ ಹೋದರು ಆ ಮನುಷ್ಯ.

ಅವರು ಹೋದ ಮೇಲೆ ಅತ್ತೆಗೆ ಹೇಗೆ ಸಮಾಧಾನ ಹೇಳಲಿ ಎಂದು ನಾನು ಒದ್ದಾಡುತ್ತಿದ್ದೆ. ಅತ್ತೆ ಸೂಟ್‌ಕೇಸ್ ಮುಚ್ಚಿ ಹೇಳಿದರು. "ನಿನ್ನ ಮಾವನಿಗೆ ಗೊತ್ತಿತ್ತು ದಿನ್ನು. ಆ ಇಂಜಿನಿಯರ್ ಒಮ್ಮೆ ಈ ಕಡೆ ಬಂದವ್ರು ಇದನ್ನು ನೋಡಿ ತಲೆಗೆ ಕೈ ಇಟ್ರು. ಅವತ್ತು ಇವ್ರು ಊಟ ಮಾಡ್ಲಿಲ್ಲ. ನಿನಗೆ ಹೇಳ್ಬಾರ್ದು ಅಂತ ನನ್ನ ಹತ್ರ ಮಾತು ತಗೊಂಡಿದ್ರು."

ಎಷ್ಟೋ ವರ್ಷದ ಹಿಂದಿನ ಮಾತಂತೆ. ಮತ್ತೆ ಪ್ರತಿ ಶುಕ್ರವಾರ ನನ್ನ ಹತ್ತಿರ ಗಂಟಲು ಹರಿದುಕೊಂಡು ವಾದ ಮಾಡಿದ್ದು ಯಾಕೆ ಎಂದು ಕೇಳಿದೆ.

"ನೀನು ವಾದ ಮಾಡ್ಲಿಕ್ಕೆ ಅಂತಲೇ ಬರ್ತಿದ್ದದ್ದಲ್ವಾ? ದಿನ್ನು ಗೆದ್ದುಬಿಟ್ರೆ ಮತ್ತೆ ಬರೋದಿಲ್ಲ, ರೂಮಲ್ಲಿ ಒಬ್ಬನೇ ಕೂತು ಬ್ರೆಡ್ಡು ತಿಂತಾನೆ ಅಂತ ಹೇಳಿದ್ರು."

ಮಾವ, ನನಗೆ ನಿಮ್ಮ ಮೇಲೆ ಕೋಪ ಬಂತು. ಬಂತು, ಸುಳ್ಳು ಯಾಕೆ ಹೇಳಲಿ. ಕಾರು ತೆಗೆದು ಸೀಬ್ ಸಮುದ್ರದ ಬದಿಗೆ ಹೋದೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಮತ್ತೆ ಸಮುದ್ರಕ್ಕೆ. ಸೋತ ಪಂದ್ಯವನ್ನು ಇಷ್ಟು ವರ್ಷ ಆಡಿದಿರಲ್ಲ, ನನಗೆ ಬಂಗುಡೆ ಬಡಿಸಲಿಕ್ಕೆ? ನಾನು ಹಾಗೆಯೂ ಬರುತ್ತಿರಲಿಲ್ಲವೇ? ಬರುತ್ತಿದ್ದೆನೇ? ಬಹುಶಃ...

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಿ, ಬಿದ್ದ ಮಾರ್ಕೆಟ್ಟಿನಲ್ಲೇ ನನ್ನ ಫಂಡು ಮಾರಿದೆ. ಈ ದುಡ್ಡು ಅತ್ತೆಗೆ ಕೊಡಲಾ ಎಂದು ಮಂಗಳೂರಿಗೆ ಫೋನ್ ಮಾಡಿದ್ದಕ್ಕೆ ನನ್ನ ಹೆಂಡತಿ, ಇನ್ನೂ ಕೇಳುತ್ತಾ ಕೂತಿದ್ದೀರಾ ಎಂದು ಬೈದಳು. ಅತ್ತೆ ಪುಕ್ಕಟೆ ತೆಗೆದುಕೊಳ್ಳುವವರಲ್ಲ, ನಿಮಗೇ ಗೊತ್ತು. ಕಾರ್ಡಿಗೆ ನಾನೇ ಗಿರಾಕಿ, ಮಾವ ಈ ಸೂಟ್‌ಕೇಸಿಗೆ ಹೇಳುತ್ತಿದ್ದ ಬೆಲೆಗೆ ಕೊಡಿ ಎಂದೆ. ಅತ್ತೆ ಸೂಟ್‌ಕೇಸ್ ತಂದು ನನ್ನ ಕಾಲ ಬುಡದಲ್ಲಿ ಇಟ್ಟರು.

ಈಗ ಅಂಗಡಿ ತೆರೆದಿದೆ. ಅತ್ತೆಯ ಹೊಸ ವೀಸಾ ಆಯಿತು, ಬಂದ ದಿನವೇ ಆ ವೀಸಾ ಕಾರ್ಡಿನ ಪ್ರತಿ ತೆಗೆದು ಲ್ಯಾಮಿನೇಟ್ ಮಾಡಿದರು. ನಾನು ಮಾರಿದ ಮರುವಾರವೇ ಮಾರ್ಕೆಟ್ ಎದ್ದು ಓಡಿತು, ನೀವಿದ್ದಿದ್ದರೆ ಬಟ್ಟಲಿಗೆ ಎಷ್ಟು ಬಂಗುಡೆ ಬೀಳುತ್ತಿತ್ತೋ! ಅತ್ತೆ ಈಗ ಚಿನ್ನವೇ ಸೈ ಎಂದು ವಾದ ಹಿಡಿದಿದ್ದಾರೆ. ನಾನು ಪ್ರತಿ ಶುಕ್ರವಾರ ಹೋಗುತ್ತೇನೆ, ಮಾವ. ಗೆಲ್ಲುವುದಿಲ್ಲ.

ನಿಮ್ಮ ಹುಚ್ಚ ಗಿರಾಕಿ,
ದಿನ್ನು